ನರದ ಡಾಕ್ಟರಾ, ಮನಸ್ಸಿನ ಡಾಕ್ಟರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಪ್ಪ 'ತಲೆ ಭಾರ, ತಲೆ ಭಾರ' ಅಂತ ಎರಡು ವರ್ಷ ಅಲೆದರು. ಮೂರು ಸಲ ಎಂಆರ್‌ಐ ಆಯಿತು. ಕೊನೆಗೆ ನರದ ಡಾಕ್ಟರು ಒಂದು ಚೀಟಿಯಲ್ಲಿ 'ಮನೋವೈದ್ಯರಿಗೆ ತೋರಿಸಿ' ಅಂತ ಬರೆದುಕೊಟ್ಟರು. ಚಿಕ್ಕಪ್ಪ ಆ ಚೀಟಿಯನ್ನು ನಾಲ್ಕಾಗಿ ಮಡಚಿ, ಮನೆಗೆ ಬಂದು, ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿ ಇಟ್ಟುಬಿಟ್ಟರು. ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಚಿಕ್ಕಮ್ಮ ಪ್ರೀಮಿಯಂ ರಸೀದಿ ಹುಡುಕುವಾಗ ಅದು ಸಿಕ್ಕಿತು.

ಆಮೇಲೆ ಅವರನ್ನು ಎರಡೂ ಕಡೆ ಕರೆದುಕೊಂಡು ಓಡಾಡಿದವನು ನಾನು. ಆಗ ಕಲಿತದ್ದು, ಆಮೇಲೆ ಓದಿಕೊಂಡದ್ದು, ನೆಂಟರು ಫೋನ್ ಮಾಡಿ ಮೆಲ್ಲನೆ ಕೇಳಿದ್ದು, ಎಲ್ಲ ಇಲ್ಲಿದೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ನ್ಯೂರಾಲಜಿಸ್ಟ್ ಯಾರು, ಸೈಕಿಯಾಟ್ರಿಸ್ಟ್ ಯಾರು? ಮೊದಲು ಅದನ್ನು ಹೇಳಿ.

ನ್ಯೂರಾಲಜಿಸ್ಟ್ ಅಂದರೆ ನರರೋಗ ತಜ್ಞರು. ಮಿದುಳು, ಬೆನ್ನುಹುರಿ, ನರ, ಸ್ನಾಯು ಇವರ ಪಾಲು. ಲಕ್ವ, ಫಿಟ್ಸ್, ಅರೆತಲೆನೋವು, ಪಾರ್ಕಿನ್ಸನ್ (ಕೈ ನಡುಕದ ಕಾಯಿಲೆ), ಕೈಕಾಲು ಜೋಮು ಹಿಡಿಯುವುದು, ಇಂಥವನ್ನು ನೋಡುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಖಿನ್ನತೆ, ಆತಂಕ, ಬೈಪೋಲಾರ್ (ಒಮ್ಮೆ ಅತಿ ಉತ್ಸಾಹ, ಒಮ್ಮೆ ಅತಿ ಕುಗ್ಗುವಿಕೆ), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವುದು, ಇಲ್ಲದ್ದನ್ನು ನಂಬುವುದು), ಗೀಳು ಕಾಯಿಲೆ, ಕುಡಿತದ ಚಟ ಇವರ ಪಾಲು.

ಇಬ್ಬರೂ ಎಂಬಿಬಿಎಸ್ ಮುಗಿಸಿದವರೇ. ಮನೋವೈದ್ಯರು ಆಮೇಲೆ ಮೂರು ವರ್ಷ ಎಂಡಿ ಸೈಕಿಯಾಟ್ರಿ ಓದುತ್ತಾರೆ. ನರರೋಗ ತಜ್ಞರು ಸಾಮಾನ್ಯವಾಗಿ ಮೂರು ವರ್ಷ ಜನರಲ್ ಮೆಡಿಸಿನ್ ಎಂಡಿ ಮಾಡಿ, ಮತ್ತೆ ಮೂರು ವರ್ಷ ನ್ಯೂರಾಲಜಿಯಲ್ಲೇ ಡಿಎಂ ಅನ್ನುವ ಮೇಲಿನ ಪದವಿ ಮಾಡುತ್ತಾರೆ. 'ಮನೋವೈದ್ಯರು ನಿಜವಾದ ಡಾಕ್ಟರಾ?' ಅಂತ ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ಹೌದು, ನಿಜವಾದ ಡಾಕ್ಟರೇ.

ನ್ಯೂರೋಸರ್ಜನ್ ಬೇರೆ. ಅವರು ಆಪರೇಷನ್ ಮಾಡುವವರು.

ಇಬ್ಬರೂ ನೋಡುವುದು ತಲೆಯನ್ನೇ ಅಲ್ವಾ? ಮತ್ತೆ ಎರಡು ವಿಭಾಗ ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನೂರೈವತ್ತು ವರ್ಷದ ಹಿಂದೆ ಈ ಗೋಡೆ ಇಷ್ಟು ಗಟ್ಟಿ ಇರಲಿಲ್ಲ. ಅಲ್ಜೈಮರ್ ಅನ್ನುವ ಮರೆವಿನ ಕಾಯಿಲೆಗೆ ಯಾರ ಹೆಸರಿದೆಯೋ ಆ ಆಲೋಯಿಸ್ ಅಲ್ಜೈಮರ್ ಮನೋವೈದ್ಯರು. ತಾವು ನೋಡಿದ್ದ ಮಹಿಳೆಯೊಬ್ಬರು ತೀರಿಕೊಂಡ ಮೇಲೆ ಅವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು 1906ರಲ್ಲಿ ಸಭೆಯ ಮುಂದಿಟ್ಟರು. ಇವತ್ತು ನರರೋಗ ವಿಭಾಗದವರು ದಿನಾ ಬರೆಯುವ ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ ಇದೆಯಲ್ಲ, ಮನುಷ್ಯರ ಮೇಲೆ ಅದನ್ನು ಮೊದಲು ಮಾಡಿದ್ದು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಅವರೂ ಮನೋವೈದ್ಯರೇ. ಇನ್ನು ಮನಸ್ಸು ಅಂದ ಕೂಡಲೇ ನೆನಪಾಗುವ ಫ್ರಾಯ್ಡ್ ಕೆಲಸ ಶುರು ಮಾಡಿದ್ದು ನರರೋಗ ವೈದ್ಯರಾಗಿ!

ಮತ್ತೆ ಬೇರೆ ಆಗಿದ್ದು ಹೇಗೆ? ಒಂದು ಕಾಯಿಲೆಯ ಕಥೆ ಕೇಳಿದರೆ ಅರ್ಥವಾಗುತ್ತದೆ. ಆಗಿನ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಥರದ ರೋಗಿಗಳು ಬಹಳ ಇರುತ್ತಿದ್ದರು. ತಾನೇ ರಾಜ, ತನ್ನ ಹತ್ತಿರ ಕೋಟಿಗಟ್ಟಲೆ ಹಣ ಇದೆ ಅನ್ನುತ್ತಿದ್ದರು. ಆಮೇಲೆ ಮಾತು ತೊದಲುತ್ತಿತ್ತು, ಕೈಕಾಲು ಬೀಳುತ್ತಿತ್ತು, ಕೆಲವೇ ವರ್ಷದಲ್ಲಿ ಸಾಯುತ್ತಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬಿಬ್ಬರು ಅಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನು ತೋರಿಸಿಕೊಟ್ಟರು. ಲೈಂಗಿಕ ಸೋಂಕೊಂದು ವರ್ಷಗಳ ನಂತರ ಮಿದುಳಿಗೆ ಹತ್ತಿತ್ತು. ವಿಯೆನ್ನಾದ ಮನೋವೈದ್ಯ ವಾಗ್ನರ್-ಯಾರೆಗ್ 1917ರಲ್ಲಿ ಇವರಿಗೆ ಬೇಕಂತಲೇ ಮಲೇರಿಯಾ ಜ್ವರ ಬರಿಸಿ ಚಿಕಿತ್ಸೆ ಕೊಟ್ಟರು. ಕೇಳಿದರೆ ಗಾಬರಿ ಆಗುತ್ತದೆ, ಆದರೆ ಅದಕ್ಕೆ 1927ರಲ್ಲಿ ನೊಬೆಲ್ ಬಂತು. ಆಮೇಲೆ ಪೆನಿಸಿಲಿನ್ ಬಂತು, ಆ ವಾರ್ಡುಗಳು ಖಾಲಿಯಾದವು.

ಹೀಗೆ, ಮಿದುಳಿನಲ್ಲಿ ಇಂಥ ಕಡೆ ಇಂಥದ್ದು ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಲು ಆದ ಕಾಯಿಲೆಗಳು ಒಂದೊಂದಾಗಿ ಮನೋವೈದ್ಯರ ಕೈಯಿಂದ ಜಾರಿದವು. ಬೆರಳಿಟ್ಟು ತೋರಿಸಲು ಆಗದವು ಅವರ ಬಳಿಯೇ ಉಳಿದವು. ಅಣ್ಣತಮ್ಮಂದಿರ ಹಿಸ್ಸೆಯಂತೆ, ಹೊಲ ಒಂದೇ, ಬದು ಮಾತ್ರ ಆಮೇಲೆ ಹಾಕಿದ್ದು. ಬದು ಆಸ್ಪತ್ರೆಯಲ್ಲಿದೆ. ತಲೆಯೊಳಗೆ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನೇ ಬಿಡಿಸಿ ನೋಡಿ: ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರ ವಿಜ್ಞಾನ ಸಂಸ್ಥೆ. ಎರಡೂ ಒಂದೇ ಹೆಸರಿನಲ್ಲಿವೆ. ಮೈಸೂರು ಸಂಸ್ಥಾನದ ಕಾಲದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರು ಬದಲಾಯಿತು. 1954ರಲ್ಲಿ ಅದರ ಜೊತೆಗೆ ಒಂದು ಅಖಿಲ ಭಾರತ ತರಬೇತಿ ಸಂಸ್ಥೆ ಬಂತು. 1974ರಲ್ಲಿ ಎರಡನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು. ಈಗಲೂ ನಾವು ಜಗಳವಾಡುವಾಗ 'ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂತೀವಿ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಲಕ್ವ ಹೊಡೆದವರು ಎಲ್ಲರೂ ಹೋಗುವ ಜಾಗ ಅದು ಅನ್ನೋದು ಆಗ ನೆನಪಿಗೇ ಬರುವುದಿಲ್ಲ.

ಒಂದೇ ರೋಗಿಯನ್ನು ಇಬ್ಬರೂ ಬೇರೆ ಬೇರೆ ಥರ ನೋಡುತ್ತಾರಾ?

ಚಿಕ್ಕಪ್ಪನ ಜೊತೆ ಕೂತು ಕಣ್ಣಾರೆ ನೋಡಿದ್ದು ಹೇಳುತ್ತೇನೆ.

ನರದ ಡಾಕ್ಟರು ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಣ್ಣಿಗೆ ಟಾರ್ಚ್ ಬಿಟ್ಟರು. ಅಂಗಾಲಿನಲ್ಲಿ ಬೀಗದ ಕೈ ತುದಿಯಿಂದ ಗೆರೆ ಎಳೆದರು. 'ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ, ಮತ್ತೆ ಮೂಗು' ಅಂದರು. ಬಾಗಿಲವರೆಗೆ ನಡೆಸಿ ವಾಪಸ್ ಕರೆದರು. ಎಲ್ಲಿ ಕೆಟ್ಟಿದೆ, ಎಡಕ್ಕಾ ಬಲಕ್ಕಾ, ಮೇಲಾ ಕೆಳಗಾ, ಅನ್ನುವುದು ಅವರ ಹುಡುಕಾಟ. ಲೈನ್‌ಮನ್ ಕರೆಂಟ್ ಎಲ್ಲಿ ಕಟ್ ಆಗಿದೆ ಅಂತ ಕಂಬದಿಂದ ಕಂಬಕ್ಕೆ ಹುಡುಕುತ್ತಾನಲ್ಲ, ಹಾಗೆ.

ಮನೋವೈದ್ಯರು ಮುಟ್ಟಿ ನೋಡಿದ್ದು ಕಡಿಮೆ. ನಾಡಿ, ಬಿಪಿ ನೋಡಿದರು. ಆಮೇಲೆ ಮಾತು. 'ಬೆಳಗ್ಗೆ ಎಷ್ಟಕ್ಕೆ ಎಚ್ಚರ ಆಗುತ್ತೆ ಯಜಮಾನ್ರೇ?' 'ಮೂರೂವರೆಗೆ.' 'ಎದ್ದು ಏನು ಮಾಡ್ತೀರಿ?' 'ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತೀನಿ.' 'ಮೊದಲು ಬೆಳಗ್ಗೆ ಏನು ಮಾಡ್ತಿದ್ರಿ?' ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೂವಿನ ಗಿಡಕ್ಕೆ ನೀರು ಹಾಕ್ತಿದ್ದೆ' ಅಂದರು. ಗಿಡಗಳು ಒಣಗಿ ಆರು ತಿಂಗಳಾಗಿತ್ತು. ನಮಗೆ ಯಾರಿಗೂ ಅದು ಕಾಯಿಲೆಯ ಲಕ್ಷಣ ಅಂತ ಹೊಳೆದಿರಲಿಲ್ಲ.

ನಸುಕಿಗೇ ಎಚ್ಚರವಾಗುವುದು, ಇಷ್ಟದ ಕೆಲಸವೂ ಬೇಡವಾಗುವುದು, ಹಸಿವು ಹೋಗುವುದು, 'ನನ್ನಿಂದ ಎಲ್ಲರಿಗೂ ತೊಂದರೆ' ಅನ್ನಿಸುವುದು. ಇವು ಎರಡು ವಾರಕ್ಕಿಂತ ಜಾಸ್ತಿ ನಿಂತರೆ ಅವರು ಖಿನ್ನತೆ ಅಂತ ಯೋಚಿಸುತ್ತಾರೆ. ಅದಕ್ಕೆ ಸ್ಕ್ಯಾನ್ ಬೇಕಿಲ್ಲ, ಸರಿಯಾದ ಪ್ರಶ್ನೆ ಬೇಕು.

ಎಂಆರ್‌ಐ ನಾರ್ಮಲ್ ಬಂದಿದೆ. ಹಾಗಾದರೆ ಏನೂ ಇಲ್ಲ ಅಂತ ತಾನೇ?

ಅಲ್ಲ. ಎಂಆರ್‌ಐ ಗೆಡ್ಡೆ, ರಕ್ತಸ್ರಾವ, ಲಕ್ವದ ಗುರುತು, ಸವೆತ, ಇಂಥವನ್ನು ತೋರಿಸುತ್ತದೆ. ಖಿನ್ನತೆಯನ್ನೋ ಸ್ಕಿಜೋಫ್ರೇನಿಯಾವನ್ನೋ ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಹೇಳಲು ಇವತ್ತಿಗೂ ಆಗುವುದಿಲ್ಲ. ಅರೆತಲೆನೋವು ಪಕ್ಕಾ ನರರೋಗ, ಅದರಲ್ಲೂ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಫಿಟ್ಸ್ ಇರುವವರ ಇಇಜಿ ಕೂಡ ಒಂದು ಸಲಕ್ಕೆ ನಾರ್ಮಲ್ ಬರಬಹುದು. ಆ ಅರ್ಧ ಗಂಟೆಯಲ್ಲಿ ಮಿದುಳು ಸುಮ್ಮನಿತ್ತು, ಅಷ್ಟೆ.

ನನಗೆ ಸಿಟ್ಟು ಬರುವುದು ಒಂದು ವಾಕ್ಯಕ್ಕೆ: 'ರಿಪೋರ್ಟ್ ನಾರ್ಮಲ್, ನಿಮಗೇನೂ ಆಗಿಲ್ಲ, ಆರಾಮಾಗಿರಿ.' ಚಿಕ್ಕಪ್ಪನಿಗೆ ಇದನ್ನು ಎರಡು ಕಡೆ ಹೇಳಿ ಕಳಿಸಿದ್ದರು. ಆರಾಮಾಗಿರಲು ಆಗುತ್ತಿದ್ದರೆ ಅವರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ನಮ್ಮವರಿಗೆ 'ನರ ದೌರ್ಬಲ್ಯ' ಅಂದಿದ್ದಾರೆ. ಅದು ಯಾವ ವಿಭಾಗಕ್ಕೆ ಬರುತ್ತದೆ?

ಬಸ್‌ಸ್ಟ್ಯಾಂಡ್ ಗೋಡೆಯ ವಿಭಾಗಕ್ಕೆ. ತಮಾಷೆ ಬಿಟ್ಟು ಹೇಳುವುದಾದರೆ, ನರ ದೌರ್ಬಲ್ಯ ಅನ್ನುವ ಹೆಸರಿನ ಕಾಯಿಲೆ ಇವತ್ತಿನ ನರರೋಗ ವಿಭಾಗದಲ್ಲಿ ಇಲ್ಲ. 1869ರಲ್ಲಿ ಜಾರ್ಜ್ ಬಿಯರ್ಡ್ ಅನ್ನುವ ಅಮೆರಿಕದ ವೈದ್ಯರು ಸುಸ್ತು, ನಿದ್ರಾಹೀನತೆ, ತಲೆನೋವು, ಎಲ್ಲವನ್ನೂ ಸೇರಿಸಿ ನರಗಳ ಶಕ್ತಿ ಕುಂದಿದೆ ಎಂಬ ಅರ್ಥದ ಹೆಸರೊಂದನ್ನು ಪ್ರಚಾರಕ್ಕೆ ತಂದರು. ಅಲ್ಲಿ ಅದು ಹಳತಾಯಿತು. ನಮ್ಮಲ್ಲಿ ಆ ಥರದ ಮಾತು ಇನ್ನೂ ಲೇಹ್ಯ, ಟಾನಿಕ್ ಮಾರುವವರ ಬಾಯಲ್ಲಿ ಗಟ್ಟಿಯಾಗಿದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮಗೆ ಕೈಮೇಲೆ ಉಬ್ಬಿ ಕಾಣುವ ರಕ್ತನಾಳವೂ 'ನರ', ಸ್ನಾಯು ಹಿಡಿದುಕೊಂಡರೂ 'ನರ ಹಿಡ್ಕೊಂಡಿದೆ'. ಜೊತೆಗೆ 'ನರ' ಅಂದರೆ ಮರ್ಯಾದೆ ಉಳಿಯುತ್ತದೆ, 'ಮನಸ್ಸು' ಅಂದರೆ ಊರೆಲ್ಲ ಮಾತಾಗುತ್ತದೆ. ಹಾಗಾಗಿ ಎದೆ ಢವಢವ, ಮೈ ಉರಿ, ತಲೆಯಲ್ಲಿ ಹುಳ ಹರಿದಂತೆ, ಅಂತ ಹೇಳಿಕೊಂಡು ಖಿನ್ನತೆಯೂ ಆತಂಕವೂ ನರದ ಡಾಕ್ಟರ ಸಾಲಿನಲ್ಲಿ ಬಂದು ಕೂರುತ್ತವೆ. ನೋವು ಸುಳ್ಳಲ್ಲ. ಮನಸ್ಸಿನ ಬೇನೆ ಮೈಯಲ್ಲೇ ಕಾಣಿಸಿಕೊಳ್ಳುವುದು ಮಾಮೂಲು.

ಫಿಟ್ಸ್ ಮಾನಸಿಕ ಕಾಯಿಲೆಯಾ?

ಅಲ್ಲ. ಮಿದುಳಿನ ವಿದ್ಯುತ್ ಚಟುವಟಿಕೆ ದಿಢೀರನೆ ಎಡವಟ್ಟಾಗುವುದು ಅದು. ನರರೋಗ ತಜ್ಞರು ನೋಡುತ್ತಾರೆ, ತುಂಬಾ ಜನರಿಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಆದರೆ ಎಷ್ಟು ಗಾಢವಾಗಿ ಎರಡನ್ನೂ ಬೆರೆಸಿದ್ದೆವು ಅಂದರೆ, ಹಿಂದೂ ವಿವಾಹ ಕಾಯ್ದೆಯಲ್ಲೇ ಮತ್ತೆ ಮತ್ತೆ ಬರುವ ಹುಚ್ಚಿನ ಜೊತೆ ಅಪಸ್ಮಾರವನ್ನೂ ಸೇರಿಸಿ ಮದುವೆಗೆ ಅಡ್ಡಿ ಅಂತ ಬರೆದಿತ್ತು. ಆ ಪದವನ್ನು ತೆಗೆದದ್ದು 1999ರಲ್ಲಿ.

ನಮ್ಮ ಹಳೇ ಮೈಸೂರು ಕಡೆಯವರು ತಿಳಿದಿರಬೇಕಾದ ಒಂದು ವಿಶೇಷ ಇದೆ. ಬಿಸಿನೀರಿನ ಫಿಟ್ಸ್. ತಲೆಗೆ ಚೊಂಬಿನಿಂದ ಬಿಸಿಬಿಸಿ ನೀರು ಸುರಿದುಕೊಳ್ಳುವಾಗ ಬರುವ ಫಿಟ್ಸ್ ಇದು. ದಕ್ಷಿಣ ಕರ್ನಾಟಕದಿಂದ ಇದರ ಬಗ್ಗೆ ಜಗತ್ತಿನಲ್ಲೇ ಹೆಚ್ಚು ವರದಿಗಳು ಬಂದಿವೆ, ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹಂಡೆ ತುಂಬ ಕಾಯಿಸಿ, ಎಣ್ಣೆ ಹಚ್ಚಿ, ಸುಡುಸುಡು ನೀರನ್ನು ಬೇಗಬೇಗ ತಲೆಗೆ ಹುಯ್ದುಕೊಳ್ಳುವುದು ನಮ್ಮ ಅಭ್ಯಾಸ ಅಲ್ವಾ? ಕೆಲವರಿಗೆ ಆಗ ಒಂಥರಾ ಹಿತವೆನಿಸಿ, ಮಂಪರಿನಲ್ಲೇ ಹುಯ್ದುಕೊಳ್ಳುತ್ತಾ ಹೋಗುತ್ತಾರೆ. ಹೊರಗಿನಿಂದ ನೋಡಿದವರು 'ಬಚ್ಚಲಲ್ಲಿ ಗಾಳಿ ಸೋಕಿದೆ' ಅಂದುಬಿಡುತ್ತಾರೆ. ನೀರು ಉಗುರುಬೆಚ್ಚಗಿದ್ದರೆ ಎಷ್ಟೋ ಜನರಿಗೆ ಬರುವುದೇ ಇಲ್ಲ. ಕೆಲವರಿಗೆ ತಲೆಸ್ನಾನದ ದಿನ, ಸ್ನಾನಕ್ಕೆ ಮುಂಚೆ ಒಂದು ಮಾತ್ರೆ ಬರೆದುಕೊಡುತ್ತಾರೆ. ತಾಯತಕ್ಕೆ ಸುರಿದ ದುಡ್ಡಿನಲ್ಲಿ ಎಷ್ಟು ಮಾತ್ರೆ ಬರುತ್ತಿತ್ತೋ!

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಗೊಂಚಲು ಕೊಡಬೇಡಿ, ಮೂಗಿಗೆ ಈರುಳ್ಳಿ ಹಿಡಿಯಬೇಡಿ, ಬಾಯೊಳಗೆ ಚಮಚ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆ ಕೆಳಗೆ ಮೆತ್ತನೆಯದು ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ ಆಸ್ಪತ್ರೆಗೆ ಹೊರಡಿ.

ಫಿಟ್ಸ್ ಥರಾನೇ ಬರುತ್ತೆ, ಆದರೆ ಫಿಟ್ಸ್ ಅಲ್ಲ ಅಂತಾರೆ. ನಾಟಕಾನಾ?

ನಾಟಕ ಅಲ್ಲ. ದಯವಿಟ್ಟು ಆ ಪದ ಬಳಸಬೇಡಿ, ಅದರಲ್ಲೂ ಆ ಹುಡುಗಿಯ ಎದುರಿಗೆ. 'ಹುಡುಗಿ' ಅಂದೆ, ಯಾಕೆಂದರೆ ಇದು ಹೆಣ್ಣುಮಕ್ಕಳಲ್ಲಿ ಜಾಸ್ತಿ. ಹುಡುಗರಿಗೂ ಬರುತ್ತದೆ.

ಮಿದುಳಿನ ವಿದ್ಯುತ್ ಎಡವಟ್ಟಿಲ್ಲದೆಯೂ ಮೈ ಅದುರುತ್ತದೆ, ಪ್ರಜ್ಞೆ ತಪ್ಪಿದಂತಾಗುತ್ತದೆ. ವ್ಯಕ್ತಿ ಬೇಕಂತ ಮಾಡುತ್ತಿರುವುದಿಲ್ಲ, ತಡೆಯಲೂ ಬರುವುದಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿರುವುದು, ತುಂಬಾ ಹೊತ್ತು ಹೆಚ್ಚುಕಡಿಮೆಯಾಗುತ್ತಾ ನಡೆಯುವುದು, ಇಂಥ ಸುಳಿವುಗಳಿಂದ ಡಾಕ್ಟರಿಗೆ ಅನುಮಾನ ಬರುತ್ತದೆ. ಖಚಿತ ಮಾಡಿಕೊಳ್ಳಲು ವಿಡಿಯೋ ಇಇಜಿ ಮಾಡುತ್ತಾರೆ: ಕ್ಯಾಮೆರಾ ಒಂದು ಕಡೆ, ಮಿದುಳಿನ ಅಲೆ ಇನ್ನೊಂದು ಕಡೆ. ಮೈ ಅದುರುತ್ತಿರುವಾಗಲೂ ಅಲೆ ನಾರ್ಮಲ್ ಇದ್ದರೆ ದಾರಿ ಬೇರೆ. ಆಗ ಫಿಟ್ಸ್ ಮಾತ್ರೆ ಏರಿಸುತ್ತಾ ಹೋದರೆ ತೂಕಡಿಕೆ ಮಾತ್ರ ಲಾಭ. ಇದೇನೆಂದು ತಾಳ್ಮೆಯಿಂದ ತಿಳಿಸಿ ಹೇಳುವುದು, ಮಾತಿನ ಚಿಕಿತ್ಸೆ, ಒಳಗೆ ಅದುಮಿಟ್ಟ ಸಂಕಟ ಏನಿದೆಯೋ ಅದಕ್ಕೊಂದು ದಾರಿ, ಇವು ಕೆಲಸ ಮಾಡುತ್ತವೆ. ಕೆಲವರಿಗೆ ನಿಜವಾದ ಫಿಟ್ಸೂ ಇದೂ ಎರಡೂ ಇರುತ್ತವೆ. ಅದಕ್ಕೇ ಇಬ್ಬರು ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಬೇಕಾದ ಜಾಗ ಇದು.

ಹುಚ್ಚು ಅಂದುಕೊಂಡದ್ದು ಕೊನೆಗೆ ನರರೋಗ ಆಗಿರುವುದು ಉಂಟಾ?

ಉಂಟು. ಆರೋಗ್ಯವಾಗಿದ್ದ ಕಾಲೇಜು ಹುಡುಗಿ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನುತ್ತಾಳೆ. ಮನೋವೈದ್ಯರ ಬಳಿ ಹೋಗುತ್ತಾರೆ. ಆಮೇಲೆ ಫಿಟ್ಸ್ ಬರುತ್ತದೆ, ಬಾಯಿ ತನ್ನಷ್ಟಕ್ಕೆ ಆಡುತ್ತಿರುತ್ತದೆ, ಮಾತು ನಿಲ್ಲುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಇದು. 2007ರಲ್ಲಿ ಯೋಸೆಪ್ ಡಲ್ಮಾವ್ ಮತ್ತವರ ತಂಡ ಇದನ್ನು ಗುರುತಿಸಿತು, ಆಂಟಿ-ಎನ್‌ಎಂಡಿಎ ಎನ್‌ಸೆಫಲೈಟಿಸ್ ಅನ್ನುತ್ತಾರೆ. ಕೆಲವು ಹೆಣ್ಣುಮಕ್ಕಳಲ್ಲಿ ಇದರ ಮೂಲ ಅಂಡಾಶಯದ ಒಂದು ಗೆಡ್ಡೆಯಲ್ಲಿರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ.

ವಿಲ್ಸನ್ ಕಾಯಿಲೆ ಇನ್ನೊಂದು. ದೇಹದಿಂದ ತಾಮ್ರ ಹೊರಹೋಗದೆ ಲಿವರ್‌ನಲ್ಲಿ, ಮಿದುಳಿನಲ್ಲಿ ಕೂರುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಹಿಂದೆ ಬೀಳುತ್ತಾನೆ, ಸಿಡುಕುತ್ತಾನೆ, ಅಕ್ಷರ ಕೆಡುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಮೇಷ್ಟ್ರು 'ಪೊಗರು' ಅನ್ನುತ್ತಾರೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಕಾಣಿಸಿದಾಗ ಗುಟ್ಟು ಬಯಲಾಗುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ವಂಶವಾಹಿ ಬಂದರೆ ಬರುವ ಕಾಯಿಲೆ, ಹಾಗಾಗಿ ಸೋದರ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅಪಾಯ ಜಾಸ್ತಿ. ಮಾತ್ರೆ ಇದೆ, ಜೀವನಪೂರ್ತಿ ತಗೋಬೇಕು.

ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಮನಸ್ಸು ಕುಗ್ಗಿದಂತೆ, ಮರೆವು ಬಂದಂತೆ ಕಾಣಬಹುದು. ಅದಕ್ಕೇ ಒಳ್ಳೆಯ ಮನೋವೈದ್ಯರು ಮೊದಲೇ ರಕ್ತ ಪರೀಕ್ಷೆ ಬರೆಯುವುದು. 'ಮನಸ್ಸಿನ ಡಾಕ್ಟರಿಗೆ ರಕ್ತ ಯಾಕೆ?' ಅಂತ ಗೊಣಗಬೇಡಿ.

ನರರೋಗ ಇದ್ದವರಿಗೆ ಖಿನ್ನತೆ ಬಂದರೆ ಅದು ಬೇಸರಕ್ಕೆ ಬಂದದ್ದಾ, ಕಾಯಿಲೆಯಿಂದ ಬಂದದ್ದಾ?

ಎರಡೂ ಇರುತ್ತದೆ. ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸುತ್ತದೆ. 'ಕೈಕಾಲು ಬಿದ್ದ ಮೇಲೆ ಬೇಸರ ಇರಲ್ವಾ' ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಆದರೆ ಖಿನ್ನತೆ ಇದ್ದವರು ಫಿಸಿಯೋಥೆರಪಿಗೆ ಏಳುವುದೇ ಇಲ್ಲ, ಕೈಕಾಲು ಸುಧಾರಿಸುವುದೂ ನಿಧಾನವಾಗುತ್ತದೆ.

ಪಾರ್ಕಿನ್ಸನ್ನಿನದು ಇನ್ನೂ ವಿಚಿತ್ರ. ಅಲ್ಲಿ ಕೆಲವರಿಗೆ ಖಿನ್ನತೆಯೇ ಮೊದಲು ಬರುತ್ತದೆ, ನಡುಕ ವರ್ಷಗಳ ನಂತರ. ನಮ್ಮ ಚಿಕ್ಕಪ್ಪನದು ಹಾಗೇ ಆಯಿತು. ಮನೋವೈದ್ಯರ ಮಾತ್ರೆಯಿಂದ ಎರಡು ತಿಂಗಳಲ್ಲಿ ನಿದ್ದೆ ಬಂತು, ಗಿಡಕ್ಕೆ ನೀರು ಬಿತ್ತು. ಎರಡು ವರ್ಷದ ಮೇಲೆ ಒಂದು ಸಂಜೆ ಕಾಫಿ ಲೋಟ ಹಿಡಿದವರ ಬಲಗೈ ಸುಮ್ಮನಿದ್ದರೆ, ತೊಡೆಯ ಮೇಲಿಟ್ಟ ಎಡಗೈ ಹೆಬ್ಬೆರಳು ಬೀಡಿ ಹೊಸೆದಂತೆ ಆಡುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಮನೋವೈದ್ಯರೇ. ಈಗ ಅವರು ಚೀಟಿ ಬರೆದರು, ನರದ ಡಾಕ್ಟರಿಗೆ! ಹಾಗಾದರೆ ಮೊದಲು ಯಾರು ತಪ್ಪು ಹೇಳಿದ್ದರು? ಯಾರೂ ಅಲ್ಲ. ಆಗ ಮಂಡಿಗೆ ತಟ್ಟಿದರೆ ಸಿಗುವಂಥದ್ದು ಏನೂ ಇರಲಿಲ್ಲ.

ಒಂದು ವಿಷಯ ಇಲ್ಲಿ ಗೊತ್ತಿರಬೇಕು. ಪಾರ್ಕಿನ್ಸನ್ನಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾಗುತ್ತದೆ, ಮಾತ್ರೆಯಿಂದ ಅದನ್ನು ತುಂಬುತ್ತಾರೆ. ಸ್ಕಿಜೋಫ್ರೇನಿಯಾದ ಮಾತ್ರೆಗಳು ಬಹುಪಾಲು ಅದೇ ಡೋಪಮಿನ್ನಿಗೆ ತಡೆ ಒಡ್ಡುತ್ತವೆ. ಹಾಗಾಗಿ ಪಾರ್ಕಿನ್ಸನ್ ಮಾತ್ರೆ ಜಾಸ್ತಿಯಾದರೆ ಇಲ್ಲದವರು ಕಾಣಿಸಬಹುದು. ಸ್ಕಿಜೋಫ್ರೇನಿಯಾ ಮಾತ್ರೆಯಿಂದ ಕೈ ನಡುಗಬಹುದು, ಮೈ ಸೆಟೆಯಬಹುದು. ತಕ್ಕಡಿಯ ಎರಡು ತಟ್ಟೆ ಎರಡು ವಿಭಾಗದಲ್ಲಿದೆ, ಮುಳ್ಳು ಒಂದೇ.

ಫಿಟ್ಸ್ ಮಾತ್ರೆಯನ್ನೇ ಮನೋವೈದ್ಯರು ಬರೆದಿದ್ದಾರೆ. ತಪ್ಪಾಗಿ ಬರೆದರಾ?

ಇಲ್ಲ. ವಾಲ್‌ಪ್ರೊಯೇಟ್ ಫಿಟ್ಸ್‌ಗೂ ಕೊಡುತ್ತಾರೆ, ಬೈಪೋಲಾರ್‌ಗೂ ಕೊಡುತ್ತಾರೆ. ಕಾರ್ಬಮಜೆಪಿನ್, ಲಮೋಟ್ರಿಜಿನ್ ಕೂಡ ಹಾಗೇ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಅನ್ನು ನರದ ಡಾಕ್ಟರು ಅರೆತಲೆನೋವಿಗೆ, ನರದ ಉರಿಗೆ ಸಣ್ಣ ಪ್ರಮಾಣದಲ್ಲಿ ಬರೆಯುತ್ತಾರೆ. ಇಂಟರ್ನೆಟ್‌ನಲ್ಲಿ ಮಾತ್ರೆಯ ಹೆಸರು ಹುಡುಕಿ 'ಅಯ್ಯೋ, ನನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ' ಅಂತ ನಿಲ್ಲಿಸಿದವರು ಇದ್ದಾರೆ. ಫಿಟ್ಸ್ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದು ಅಪಾಯ.

ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳು ವಾಲ್‌ಪ್ರೊಯೇಟ್ ಬಗ್ಗೆ ಡಾಕ್ಟರ ಬಳಿ ಮೊದಲೇ ಮಾತಾಡಿ. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ತೊಂದರೆಯಾಗುತ್ತದೆ. ಬಸುರಿಯಾದ ಮೇಲಲ್ಲ, ಮುಂಚೆ.

ಮನೋವೈದ್ಯರು ಕೊಡುವುದೆಲ್ಲ ನಿದ್ದೆ ಮಾತ್ರೆ, ಚಟ ಹತ್ತುತ್ತೆ ಅಂತಾರಲ್ಲ?

ಕೆಲವು ನಿದ್ದೆಯ, ಆತಂಕದ ಮಾತ್ರೆಗಳು ಚಟ ಹತ್ತಿಸುತ್ತವೆ, ನಿಜ. ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಕೊಡಬೇಕು. ಖಿನ್ನತೆಯ ಮಾತ್ರೆಗಳು ಆ ಜಾತಿಯಲ್ಲ. ಅವು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರಬಹುದು. ಗುಣವಾದ ಮೇಲೂ ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ, ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವಾಗ ನಿಧಾನವಾಗಿ ಇಳಿಸಬೇಕು.

ಕರೆಂಟ್ ಕೊಡ್ತಾರಂತೆ?

ಇಸಿಟಿ, ಅಂದರೆ ತಲೆಗೆ ಸ್ವಲ್ಪ ಕರೆಂಟ್ ಹಾಯಿಸುವ ಚಿಕಿತ್ಸೆಯ ಬಗ್ಗೆ ಕೇಳುತ್ತಿದ್ದೀರಿ. ಸಿನಿಮಾದಲ್ಲಿ ತೋರಿಸುವ ಹಾಗೆ ಅಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ. ಅವಿಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಊಟ ನೀರು ಬಿಟ್ಟು ಮಲಗಿದ, ಜೀವ ತೆಗೆದುಕೊಳ್ಳುವ ಅಪಾಯದಲ್ಲಿರುವ ತೀವ್ರ ಖಿನ್ನತೆಗೆ ಇದು ಬೇಗ ಕೆಲಸ ಮಾಡುತ್ತದೆ. ಆಸುಪಾಸಿನ ದಿನಗಳ ನೆನಪು ಮಸುಕಾಗಬಹುದು, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಸೈಕಾಲಜಿಸ್ಟ್ ಮತ್ತೆ ಯಾರು?

ಮನಶ್ಶಾಸ್ತ್ರಜ್ಞರು. ಎಂಬಿಬಿಎಸ್ ಮಾಡಿದವರಲ್ಲ, ಮಾತ್ರೆ ಬರೆಯುವುದಿಲ್ಲ. ಮಾತಿನ ಚಿಕಿತ್ಸೆ ಕೊಡುತ್ತಾರೆ, ನೆನಪು, ಬುದ್ಧಿಶಕ್ತಿಯ ಪರೀಕ್ಷೆ ಮಾಡುತ್ತಾರೆ. ನರರೋಗ ವಿಭಾಗದಲ್ಲೂ ಇವರು ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಅಜ್ಜಿಗೆ ಮರೆವು. ಯಾರ ಹತ್ತಿರ ಹೋಗೋದು?

ಇಬ್ಬರಲ್ಲಿ ಯಾರಾದರೂ ಸರಿ. ಮರೆವು ಏನು, ಯಾಕೆ ಅನ್ನುವುದನ್ನು ಇಬ್ಬರೂ ಕಂಡುಹಿಡಿಯಬಲ್ಲರು. ಆಮೇಲೆ 'ನನ್ನ ಬಳೆ ಸೊಸೆ ಕದ್ದಳು' ಅಂತ ಅಜ್ಜಿ ಊರೆಲ್ಲ ಹೇಳಲು ಶುರು ಮಾಡಿದಾಗ, ರಾತ್ರಿ ಹೊತ್ತು ಮನೆ ಬಿಟ್ಟು ಹೊರಟಾಗ ಮನೋವೈದ್ಯರ ಕೆಲಸ ಜಾಸ್ತಿಯಾಗುತ್ತದೆ. ಒಂದು ಎಚ್ಚರಿಕೆ: ನಿನ್ನೆವರೆಗೆ ಸರಿಯಿದ್ದ ಅಜ್ಜಿ ಇವತ್ತು ದಿಢೀರನೆ ಗೊಂದಲವಾಗಿದ್ದರೆ ಅದು ಮರೆಗುಳಿ ರೋಗ ಅಲ್ಲದಿರಬಹುದು. ಮೂತ್ರದ ಸೋಂಕು, ಸೋಡಿಯಂ ಕಡಿಮೆ, ಹೊಸ ಮಾತ್ರೆ, ಏನಾದರೂ ಇರಬಹುದು. ಅವತ್ತೇ ತೋರಿಸಿ.

ಯಾವಾಗ ತಡ ಮಾಡಲೇಬಾರದು?

ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಬಿದ್ದರೆ, ಮಾತು ತೊದಲಿದರೆ ಲಕ್ವ ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಮಾಲಿಶ್, ನಾಟಿ ಔಷಧಿ ಅಂತ ಆ ಹೊತ್ತನ್ನು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟು, ಎರಡು ಮೂರು ದಿನದಲ್ಲಿ ನಡುಗಿ, ಬೆವತು, ಇಲ್ಲದ್ದನ್ನು ಕಂಡು ಬಡಬಡಿಸಿದರೆ ಅದೂ ತುರ್ತು. ಇದು ಮನಸ್ಸಿನದಾ ನರದ್ದಾ ಅಂತ ಚರ್ಚೆ ಆಮೇಲೆ.

ಜೀವ ತೆಗೆದುಕೊಳ್ಳುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಹಗ್ಗ, ಮಾತ್ರೆ ಡಬ್ಬಿ ಕೈಗೆ ಸಿಗದಂತೆ ಎತ್ತಿಡಿ. 14416 ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ಇದೆ, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಯತ್ನ ಮಾಡಿಬಿಟ್ಟಿದ್ದರೆ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. 2017ರ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಇನ್ಷೂರೆನ್ಸ್ ಸಿಗುತ್ತಾ?

ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೆ ಪಾಲಿಸಿಯ ಸಣ್ಣ ಅಕ್ಷರ ಓದಿ. ಬಹಳಷ್ಟು ಪಾಲಿಸಿ ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ.

ಊರಲ್ಲಿ ಎರಡೂ ಥರದ ಡಾಕ್ಟರೂ ಇಲ್ಲ. ಏನು ಮಾಡೋದು?

ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸಿಗುತ್ತಾರೆ. ದೇಶಕ್ಕೆಲ್ಲ ಮಾದರಿಯಾದ ಈ ಕಾರ್ಯಕ್ರಮವನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ಕ್ಲಿನಿಕ್ಕಿಗೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ, ನಿಮ್ಮ ತಾಲ್ಲೂಕಿನ ಸರದಿ ಯಾವತ್ತು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಉತ್ತರ ಕರ್ನಾಟಕದವರಿಗೆ ನಿಮ್ಹಾನ್ಸ್ ಥರದ್ದೇ ಸಂಸ್ಥೆಯಾದ ಧಾರವಾಡದ ಡಿಮ್ಹಾನ್ಸ್ ಹತ್ತಿರ. ನರರೋಗ ತಜ್ಞರು ಸಿಗುವುದು ಇನ್ನೂ ಕಷ್ಟ, ಹೆಚ್ಚಿನವರು ದೊಡ್ಡ ಊರುಗಳಲ್ಲೇ ಇದ್ದಾರೆ. ಮೊದಲು ಜನರಲ್ ಮೆಡಿಸಿನ್ ಡಾಕ್ಟರಿಗೆ ತೋರಿಸಿ, ಎಲ್ಲಿಗೆ ಹೋಗಬೇಕೆಂದು ಬರೆಸಿಕೊಳ್ಳಿ. ಬಾಗಿಲು ತಪ್ಪಾದರೂ ನಷ್ಟವಿಲ್ಲ, ಸರಿಯಾದ ಡಾಕ್ಟರು ಪಕ್ಕದ ಬಾಗಿಲಿಗೆ ಕಳಿಸುತ್ತಾರೆ. ಕಳಿಸಿದಾಗ ಹೋಗಬೇಕು ಅಷ್ಟೆ.

ಮೊದಲ ಸಲ ಹೋಗುವಾಗ ಏನು ತಗೊಂಡು ಹೋಗಬೇಕು?

ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಖಾಲಿಯಾದದ್ದೂ ಸೇರಿ. ಆಯುರ್ವೇದದ ಪುಡಿ, ಮೆಡಿಕಲ್ ಸ್ಟೋರಿನವರು ಕೊಟ್ಟ ನಿದ್ದೆ ಮಾತ್ರೆ, ಅದೂ ಇರಲಿ. ಹಳೇ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಫಿಟ್ಸ್ ಆದರೆ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋ ಹತ್ತು ಪುಟದ ರಿಪೋರ್ಟಿಗಿಂತ ಉಪಯೋಗ. ಬಂದಾಗ ಗಾಬರಿಯಲ್ಲಿ ನೀವು ಕಂಡದ್ದು ಆಮೇಲೆ ನೆನಪಿರುವುದಿಲ್ಲ.

ಯಾವಾಗ ಶುರುವಾಯಿತು, ಯಾವುದು ಮೊದಲು, ಯಾವುದು ಆಮೇಲೆ, ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೊತೆಯಲ್ಲಿ ದಿನವೂ ಒಟ್ಟಿಗೆ ಇರುವವರು ಒಬ್ಬರು ಬರಲಿ. ದೊಡ್ಡ ಊರಿನಿಂದ ಬಂದ ಮಗನಲ್ಲ, ಹೆಂಡತಿ ಅಥವಾ ಸೊಸೆ. ಚಿಕ್ಕಪ್ಪ ಡಾಕ್ಟರ ಮುಂದೆ 'ಊಟ ಚೆನ್ನಾಗಿ ಮಾಡ್ತೀನಿ' ಅಂದಾಗ, ಹಿಂದೆ ನಿಂತಿದ್ದ ಚಿಕ್ಕಮ್ಮ ಮಾತಾಡದೆ ತಲೆ ಅಲ್ಲಾಡಿಸಿದರು. ಡಾಕ್ಟರು ಬರೆದುಕೊಂಡದ್ದು ಅದನ್ನ.